ಶಂಭುಲಿಂಗಪ್ಪನವರ ಅಪೂರ್ವ ಗೀತ ಕೋಶ

ಬೆಂಗಳೂರಿನ ವಿಜಯನಗರದಲ್ಲಿ ಆ ದಿನಗಳಲ್ಲಿ ಹಾಡುವವರಿಗೇನೂ ಕೊರತೆಯಿರಲಿಲ್ಲ. ಗಣೇಶನ ಪೆಂಡಾಲಿನಲ್ಲಿ ಹಾಡುತ್ತಿದ್ದರು, ಆರತಕ್ಷತೆಯಲ್ಲಿ ಹಾಡುತ್ತಿದ್ದರು, ಎರಡು ದಿನ ಬಾರದ ನಲ್ಲಿನೀರು ಬಂದರೆ ಬಚ್ಚಲಮನೆಯಲ್ಲಿ ಹಾಡುತ್ತಿದ್ದರು. ಒಬ್ಬರು ಪಲ್ಲವಿ ಎತ್ತಿಕೊಂಡರೆ ಪಕ್ಕದವರು ಸೇರಿಕೊಳ್ಳುತ್ತಿದ್ದರು. ಚರಣಕ್ಕೆ ಬರುವಷ್ಟರಲ್ಲಿ ಇಡೀ ಕ್ರಾಸು ಹಾಡುತ್ತಿತ್ತು. ಇದನ್ನು ಜನ ಸಂತೋಷ ಎಂದು ಕರೆಯುತ್ತಿದ್ದರು. ಶಂಭುಲಿಂಗಪ್ಪನವರು ಸೋಮಾರಿತನ ಎಂದು ಕರೆಯುತ್ತಿದ್ದರು.

“ಎಲ್ರಿಗೂ ಗೊತ್ತಿರೋ ಹಾಡನ್ನ ಮತ್ತೆ ಹಾಡೋದ್ಯಾಕ್ರೀ? ಗೊತ್ತಿದೆಯಲ್ಲ!”

ಈ ಪ್ರಶ್ನೆಗೆ ನಮ್ಮಲ್ಲಿ ಕೆಲವರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದ ತಪ್ಪಿಗೆ ನಾವು ಅವರ ಬಳಗದ ಸದಸ್ಯರಾದೆವು.

ಶಂಭುಲಿಂಗಪ್ಪನವರು ಹರಿಹರದ ಕಡೆಯವರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ, ಕಲ್ಲು, ಲೀಟರು, ಮೀಟರು ಕಡ್ಡಿಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು ಅವರ ಕೆಲಸ. ಮೂವತ್ತು ವರ್ಷ ಮುದ್ರೆ ಒತ್ತಿದ ಕೈ ಮನೆಗೆ ಬಂದಮೇಲೂ ಸುಮ್ಮನಿರುತ್ತಿರಲಿಲ್ಲ. ಸೊಪ್ಪಿನವಳು ಕಟ್ಟು ಕೊಟ್ಟರೆ ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ, “ಹಗುರ” ಎನ್ನುತ್ತಿದ್ದರು. ನಾಮಕರಣಕ್ಕೆ ಹೋದರೆ ಮಗುವನ್ನು ಎತ್ತಿಕೊಂಡು, “ಮೂರು ಕೆಜಿ ಇನ್ನೂರು” ಎಂದು ಹೇಳಿ ವಾಪಸು ಕೊಡುತ್ತಿದ್ದರು. ಮಗು ಅಮ್ಮನ ಹಾಗಿದೆಯೋ ಅಪ್ಪನ ಹಾಗಿದೆಯೋ ಎಂಬುದು ಅವರ ಇಲಾಖೆಗೆ ಸೇರಿದ ವಿಷಯವಲ್ಲ.

ಇಂಥವರು ಹಾಡಿನ ವಿಷಯಕ್ಕೆ ಕೈ ಹಾಕಿದರೆ ಅದಕ್ಕೂ ನಿಯಮ, ಪರೀಕ್ಷೆ, ಮುದ್ರೆ ಬಂದೇ ಬರುತ್ತವೆ. ‘ಅಪೂರ್ವ ಗೀತ ಬಳಗ’ಕ್ಕೆ ನಾವು ನಾಲ್ಕೇ ಜನ: ಶಂಭುಲಿಂಗಪ್ಪನವರು, ವಿಮೆ ಏಜೆಂಟ್ ಪಂಚಾಕ್ಷರಿ, ರಾಜಾಜಿನಗರದ ಶಾಲೆಯೊಂದರ ಸತ್ಯವತಿ ಟೀಚರ್ ಮತ್ತು ನಾನು. ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ಐದಕ್ಕೆ ಅವರ ಮನೆಯ ಹಾಲಿನಲ್ಲಿ ಸೇರುವುದು. ಒಬ್ಬೊಬ್ಬರು ಒಂದೊಂದು ಹಾಡು ತರಬೇಕು. ಆ ಹಾಡು ಉಳಿದ ಮೂವರಲ್ಲಿ ಯಾರಿಗೂ ಗೊತ್ತಿರಕೂಡದು; ಶಂಭುಲಿಂಗಪ್ಪನವರ ನೆನಪು ಮಾತ್ರ ಲೆಕ್ಕಕ್ಕಿಲ್ಲ. ಒಬ್ಬರು ಹಾಡುವಾಗ ಶಂಭುಲಿಂಗಪ್ಪನವರು ಹಾಡುವವರ ಕಡೆ ನೋಡುತ್ತಿರಲಿಲ್ಲ, ಕೇಳುವವರ ತುಟಿಗಳನ್ನು ನೋಡುತ್ತಿದ್ದರು. ಯಾರ ತುಟಿಯಾದರೂ ಅಲುಗಾಡಿತೋ, “ನಿಲ್ಸಿ!” ಎನ್ನುತ್ತಿದ್ದರು. ಹಾಡು ತಿರಸ್ಕೃತ. ಒಮ್ಮೆ ಸತ್ಯವತಿ ಟೀಚರ್ ಬಾಯಲ್ಲಿದ್ದ ಏಲಕ್ಕಿ ಅಗಿದದ್ದಕ್ಕೆ ಪಂಚಾಕ್ಷರಿಯ ಹಾಡು ಬಿದ್ದುಹೋಯಿತು. ಅವರು ಏಲಕ್ಕಿ ತೋರಿಸಿದರು. ಪ್ರಯೋಜನವಾಗಲಿಲ್ಲ.

ಪರೀಕ್ಷೆಯಲ್ಲಿ ಗೆದ್ದ ಹಾಡನ್ನು ಅವರು ದಪ್ಪ ರಿಜಿಸ್ಟರಿನಲ್ಲಿ ಬರೆದು, ಅದರ ಮೇಲೆ ‘ಅಪೂರ್ವ’ ಎಂಬ ರಬ್ಬರ್ ಮುದ್ರೆ ಒತ್ತುತ್ತಿದ್ದರು. ಆಮೇಲೆ ಒಳಗಿನಿಂದ ಅವರ ಹೆಂಡತಿ ಜಗದಾಂಬಾ ಅವರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬರುತ್ತಿದ್ದವು. ನಿಜ ಹೇಳಬೇಕೆಂದರೆ ಪಂಚಾಕ್ಷರಿಯೂ ನಾನೂ ಬಳಗ ಸೇರಿದ್ದು ಆ ಬಜ್ಜಿಗಾಗಿ.

ಮೊದಲ ಮೂರು ತಿಂಗಳು ಸುಲಭವಾಗಿ ಕಳೆಯಿತು. ಯಾರೂ ಕೇಳದ ಹಾಡುಗಳು ಎಲ್ಲರ ಬಳಿಯೂ ಒಂದೆರಡಿರುತ್ತವೆ. ನಾಲ್ಕನೇ ತಿಂಗಳು ನನ್ನ ಗಂಟು ಖಾಲಿಯಾಯಿತು. ಥಿಯೇಟರಿನ ಬಾಗಿಲಲ್ಲಿ ಮಾರುವ ಹಾಡಿನ ಪುಸ್ತಕಗಳ ಹಳೆಯ ಪ್ರತಿಗಳಿಗಾಗಿ ಅವೆನ್ಯೂ ರಸ್ತೆಯ ಫುಟ್‌ಪಾತ್ ಅಲೆದೆ. ಏನೂ ಸಿಗಲಿಲ್ಲ. ಎರಡನೇ ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್‌ನಿಂದ ವಾಪಸು ಬರುವ ಬಸ್ಸಿನಲ್ಲಿ, ಕಿಟಕಿ ಪಕ್ಕ ಕುಳಿತಿದ್ದಾಗ, ಹೊರಗೆ ಕಂಡ ಒಂದು ಗುಬ್ಬಿಯ ಮೇಲೆ ಎರಡು ಸಾಲು ತಾವಾಗಿ ಬಂದವು:

ಹಿತ್ತಿಲ ಗುಬ್ಬಿಯೆ ಹೇಳದೆ ಹೋದೆಯಾ,
ಹೊತ್ತಿಗು ಮುಂಚೆಯೆ ಗೂಡನು ಬಿಟ್ಟೆಯಾ.

ಮಾಗಡಿ ರಸ್ತೆ ಟೋಲ್‌ಗೇಟ್ ದಾಟುವಷ್ಟರಲ್ಲಿ ಚರಣವೂ ಆಯಿತು. ಸಂಜೆ ಅದನ್ನೇ ಹಾಡಿದೆ. ಯಾವ ತುಟಿಯೂ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಹಾಡಿಗೆ ಆಗಿನ್ನೂ ಏಳು ಗಂಟೆಯ ಪ್ರಾಯ. “ಯಾವ ಚಿತ್ರದ್ದೋ ನೆನಪಿಲ್ಲ ಸಾರ್, ಚಿಕ್ಕಂದಿನಲ್ಲಿ ಕೇಳಿದ್ದು” ಎಂದು ಒಂದು ಸುಳ್ಳನ್ನೂ ಸೇರಿಸಿ ತಲೆ ತಗ್ಗಿಸಿದೆ.

ಶಂಭುಲಿಂಗಪ್ಪನವರು ಕಣ್ಣು ಮುಚ್ಚಿದರು. ಸೊಪ್ಪಿನ ಕಟ್ಟಿಗೆ ಮುಚ್ಚುತ್ತಿದ್ದ ಹಾಗೆಯೇ.

“ಐವತ್ತಾರು,” ಎಂದರು. “ಐವತ್ತಾರನೇ ಇಸವಿ. ಹರಿಹರದ ಟೆಂಟಿನಲ್ಲಿ ಮೂರೇ ದಿನ ಓಡ್ತು. ನಾಲ್ಕನೇ ದಿನ ಮಳೆ ಬಂತು ನೋಡಿ, ರೀಲಿನ ಪೆಟ್ಟಿಗೆ ಎತ್ಕೊಂಡು ಹೋದ್ರು. ಹೀರೋಯಿನ್ನು ಜಡೆಗೆ ಕೆಂಪು ಟೇಪು ಕಟ್ಟಿರ್ತಾಳೆ. ಕಪ್ಪುಬಿಳುಪು ಚಿತ್ರ; ಆದ್ರೂ ಕೆಂಪು ಅಂತ ಗೊತ್ತಾಗ್ತಿತ್ತು.”

ಬೆಳಿಗ್ಗೆ ಹತ್ತೂವರೆಗೆ ಬಸ್ಸಿನಲ್ಲಿ ಹುಟ್ಟಿದ ನನ್ನ ಗುಬ್ಬಿ ಇಪ್ಪತ್ತು ವರ್ಷದ ಹಿಂದೆಯೇ ಹರಿಹರದಲ್ಲಿ ಮಳೆಗೆ ಸಿಕ್ಕಿಕೊಂಡಿತ್ತು. ಅವರು ಬರೆದರು, ಮುದ್ರೆ ಒತ್ತಿದರು. ನಾನು ಬಜ್ಜಿ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ. ಆದರೂ ನಾಲ್ಕು ತಿಂದೆ.

ಆಮೇಲೆ ಪ್ರತಿ ತಿಂಗಳೂ ನಾನು ಒಂದು ಹಾಡು ಕಟ್ಟುತ್ತಿದ್ದೆ. ಅವರು ಪ್ರತಿ ತಿಂಗಳೂ ಅದಕ್ಕೊಂದು ಇಸವಿ, ಒಂದು ಊರು, ಒಂದು ದುರಂತ ಕೊಡುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು. ಬಳಗದಲ್ಲಿ ನಾನೊಬ್ಬನೇ ಕಳ್ಳ ಎಂಬ ಸಂಕಟ ನನ್ನನ್ನು ಕಾಡುತ್ತಿತ್ತು. ಪಂಚಾಕ್ಷರಿ, ಸತ್ಯವತಿ ಟೀಚರ್ ಅಷ್ಟೊಂದು ಒಳ್ಳೊಳ್ಳೆಯ ಹಾಡುಗಳನ್ನು ಎಲ್ಲಿಂದ ಹುಡುಕಿ ತರುತ್ತಾರೋ ಎಂದು ಅವರ ಮುಂದೆ ಕುಗ್ಗಿಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಪಂಚಾಕ್ಷರಿ ನನಗೆ ಬೆನ್ನು ಮಾಡಿ ನಿಂತಿದ್ದ. ಗುನುಗುತ್ತಿದ್ದ. “ಬಳ್ಳಿಯು ಬಾಗಿತು ನಿನ್ನನು ನೋಡಿ...” ನಿಲ್ಲಿಸಿದ. ತಲೆ ಕೆರೆದುಕೊಂಡ. “ಬಳ್ಳಿಯು ನಾಚಿತು...” ಎಂದು ಬದಲಾಯಿಸಿ, ಜೇಬಿನಿಂದ ಪೆನ್ನು ತೆಗೆದು ಪಾಲಿಸಿ ಫಾರಂ ಹಿಂದೆ ಬರೆದುಕೊಂಡ.

“ಏನಯ್ಯಾ ಇದು?” ಎಂದೆ.

ಅವನು ತಿರುಗಿ ನನ್ನನ್ನು ನೋಡಿ ಬೆಳ್ಳಗಾದ. “ಗುರುಗಳೇ... ನೆನಪು ಮಾಡ್ಕೋತಾ ಇದ್ದೆ.”

“ನೆನಪು ಮಾಡ್ಕೊಳ್ಳೋರು ಬಳ್ಳಿ ಬಾಗಿತೋ ನಾಚಿತೋ ಅಂತ ತಾವೇ ತೀರ್ಮಾನ ಮಾಡ್ತಾರೇನೋ?”

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, “ನೀವು?” ಎಂದ.

“ನಾನೂ,” ಎಂದೆ.

ಎರಡು ಬಸ್ಸು ಹೋದವು. ನಾವಿಬ್ಬರೂ ಹತ್ತಲಿಲ್ಲ. ಕೊನೆಗೆ ಪಂಚಾಕ್ಷರಿ, “ಪಾಪ, ಸತ್ಯವತಿ ಟೀಚರ್ ಒಬ್ರು ಪ್ರಾಮಾಣಿಕರು, ಅವರಿಗೆ ಗೊತ್ತಾದ್ರೆ ಮುಖ ಹೇಗೆ ತೋರ್ಸೋದು” ಎಂದ. ಮುಖ ತೋರಿಸಲೇಬೇಕೆಂದು ಅದೇ ಸಂಜೆ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಸತ್ಯವತಿ ಟೀಚರ್ ಕೈಯಲ್ಲಿದ್ದ ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಹಣೆ ಒರೆಸಿಕೊಂಡರು.

“ನಾನು ಐದನೇ ಕ್ಲಾಸಿನ ಭೂಗೋಳ ಪುಸ್ತಕ ನೋಡಿ ಕಟ್ತೀನಿ ಸಾರ್,” ಎಂದರು. “ಆವತ್ತು ‘ನದಿಗೆ ಉಪನದಿಯಾಗಿ ನಾ ಬಂದೆ’ ಅಂತ ಹಾಡಿದೆನಲ್ಲ, ಅದು ಮಾರನೇ ದಿನದ ಪಾಠ. ಅವರು ಪೌರಾಣಿಕ ಚಿತ್ರ ಅಂದ್ರು, ಗಂಗೆ ಪಾತ್ರದವಳಿಗೆ ಶೂಟಿಂಗ್‌ನಲ್ಲಿ ನೆಗಡಿ ಆಗಿತ್ತು ಅಂದ್ರು. ನಾನು ಮನೆಗೆ ಬಂದು ರಾತ್ರಿಯೆಲ್ಲ ಅತ್ತೆ.”

ಮೂವರೂ ಲೆಕ್ಕ ಹಾಕಿದೆವು. ಇಡೀ ರಿಜಿಸ್ಟರಿನಲ್ಲಿ ಮೊದಲ ತಿಂಗಳುಗಳ ನಮ್ಮ ಒಂದೆರಡು ಹಾಡು ಬಿಟ್ಟರೆ ನಿಜವಾದವು ಶಂಭುಲಿಂಗಪ್ಪನವರವು ಮಾತ್ರ. ಅವು ಏಳು. ಅವರು ತಿಂಗಳುಗಟ್ಟಲೆ ಹುಡುಕಿ ಒಂದು ತರುತ್ತಿದ್ದರು; ಸಿಗದ ತಿಂಗಳು, “ಈ ಸಲ ಇಲ್ಲ” ಎಂದು ಖಾಲಿ ಕೂರುತ್ತಿದ್ದರು. ನಾವು ಎಂದೂ ಖಾಲಿ ಕೂತವರಲ್ಲ. ಅವರಿಗೆ ಹೇಳಿಬಿಡೋಣ ಎಂದು ಅಂದೇ ನಿರ್ಧರಿಸಿದೆವು. ಮುಂದಿನ ಎರಡನೇ ಶನಿವಾರ ಹೇಳಲು ಬಾಯಿ ತೆಗೆಯುವ ಮೊದಲೇ ಅವರೇ ಹೇಳಿದರು.

“ಜೂನ್‌ಗೆ ನಂದು ರಿಟೈರ್‌ಮೆಂಟು. ಮೂವತ್ತು ವರ್ಷ ಕಂಡೋರ ತಕ್ಕಡಿಗೆ ಮುದ್ರೆ ಒತ್ತಿದೆ. ಸರ್ವಿಸ್ ಮುಗೀತು ಅಂದ್ರೆ ನಂದು ಅಂತ ಏನಿದೆ ಹೇಳಿ? ಈ ಗೀತ ಕೋಶ ಒಂದು ಅಚ್ಚಾಗಿಬಿಡ್ಲಿ. ರಾಜಾಜಿನಗರದ ಪ್ರೆಸ್ಸಿನವರ ಹತ್ರ ಮಾತಾಡಿದೀನಿ. ಹಳೇ ಸಂಗೀತದ ವಿಷಯ ತಿಳಿದೋರು ಯಾರಾದ್ರೂ ನೋಡಿ ಮುನ್ನುಡಿ ಬರೆದುಕೊಟ್ರೆ ಹಾಕ್ತೀನಿ ಅಂದಿದಾರೆ. ಕೆಂಗೇರಿ ಉಪನಗರದಲ್ಲಿ ವೆಂಕಟಗಿರಿ ಮೇಷ್ಟ್ರು ಅಂತ ಇದಾರೆ. ಮದ್ರಾಸಿನ ಸ್ಟುಡಿಯೋಗಳಲ್ಲಿ ಹಾರ್ಮೋನಿಯಂ ನುಡಿಸ್ತಿದ್ರು. ಮುಂದಿನ ಸಲ ಅವರು ಬರ್ತಾರೆ.”

ಜಗದಾಂಬಾ ಬಾಗಿಲಲ್ಲಿ ನಿಂತು, “ಮೂರು ದಿನದಿಂದ ನಿದ್ದೆ ಮಾಡಿಲ್ಲ ಇವರು. ಪುಸ್ತಕದ ಮೇಲೆ ಹೆಸರು ಎಷ್ಟು ದಪ್ಪ ಇರ್ಬೇಕು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಅಳಿಸ್ತಿದಾರೆ” ಎಂದರು.

ಹೇಳಿದರೆ ಅವರ ಪುಸ್ತಕ ಹೋಗುತ್ತದೆ. ಹೇಳದಿದ್ದರೆ ಮದ್ರಾಸಿನಲ್ಲಿ ಕಿವಿ ಪಳಗಿಸಿಕೊಂಡ ಮೇಷ್ಟ್ರು ಮೊದಲ ಪುಟದಲ್ಲೇ, ‘ಇಂಥ ಚಿತ್ರ ಇಲ್ಲ, ಇಂಥ ಹಾಡೂ ಇಲ್ಲ’ ಎನ್ನುತ್ತಾರೆ. ನಿವೃತ್ತಿಯ ಹೊಸ್ತಿಲಲ್ಲಿ ನಮ್ಮ ಇನ್‌ಸ್ಪೆಕ್ಟರು ಖೋಟಾ ಕಲ್ಲಿಗೆ ಮುದ್ರೆ ಒತ್ತಿದವರಾಗುತ್ತಾರೆ. ಪಂಚಾಕ್ಷರಿ ಹಿಂದಿರುಗುವಾಗ, “ಮೇಷ್ಟ್ರಿಗೆ ಕಿವಿ ಮಂದವಾಗಿರ್ಲಪ್ಪಾ ದೇವರೇ” ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ಕಿವಿ ಮಂದವಾಗಿರಲಿಲ್ಲ. ಎರಡನೇ ಶನಿವಾರ ಬಿಳಿ ಪಂಚೆ, ಕರಿ ಕೋಟು, ಹಣೆಗೆ ಗಂಧದ ಬೊಟ್ಟು ಇಟ್ಟುಕೊಂಡು ಬಂದ ವೆಂಕಟಗಿರಿ ಮೇಷ್ಟ್ರು ಕೂರುವ ಮೊದಲೇ, “ಪಕ್ಕದ ಮನೇಲಿ ಕುಕ್ಕರ್ ಕೂಗ್ತಿದೆ, ಪಂಚಮದಲ್ಲಿದೆ” ಎಂದರು.

ಒಬ್ಬೊಬ್ಬರು ಒಂದೊಂದು ಹಾಡಿ ತೋರಿಸಬೇಕೆಂದು ತೀರ್ಮಾನವಾಯಿತು. ಪಂಚಾಕ್ಷರಿ ಮೊದಲು. ಬಳ್ಳಿ ನಾಚಿದ ಹಾಡನ್ನು ಕಣ್ಣು ಮುಚ್ಚಿಕೊಂಡು, ನೇಣಿಗೆ ಹೋಗುವವನ ಹಾಗೆ ಹಾಡಿದ. ಹಾಡು ಮುಗಿಯಿತು. ಮೇಷ್ಟ್ರು ನಶ್ಯ ಏರಿಸಿದರು.

“ಗೊತ್ತು,” ಎಂದರು.

ಪಂಚಾಕ್ಷರಿ ಒಂದು ಕಣ್ಣು ತೆರೆದ.

“ಚೆನ್ನಾಗಿ ಗೊತ್ತು. ಇದರ ಒರಿಜಿನಲ್‌ನಲ್ಲಿ ಕೊಳಲು ಜಾಸ್ತಿ ಇತ್ತು.”

ನಾನು ನನ್ನ ಗುಬ್ಬಿಯನ್ನು ಹಾರಿಬಿಟ್ಟೆ. ಮೇಷ್ಟ್ರು ಒಂದು ಬೆರಳು ಎತ್ತಿದರು.

“ಇಸವಿ ಎಷ್ಟು ಅಂತ ಬರೆದಿದೀರಿ?”

“ಐವತ್ತಾರು,” ಎಂದರು ಶಂಭುಲಿಂಗಪ್ಪನವರು.

“ತಪ್ಪು. ಐವತ್ತೇಳು. ಶುರು ಆಗಿದ್ದು ಐವತ್ತಾರು, ರಿಲೀಸ್ ಆಗಿದ್ದು ಐವತ್ತೇಳು.”

“ಇರ್ಬಹುದು,” ಎಂದು ಶಂಭುಲಿಂಗಪ್ಪನವರು ತಿದ್ದಿಕೊಂಡರು. ನನಗೆ ನನ್ನ ಮೇಲೇ ಅನುಮಾನ ಬಂತು. ನಿಜವಾಗಿಯೂ ಕಟ್ಟಿದ್ದು ನಾನೇನಾ?

ಸತ್ಯವತಿ ಟೀಚರ್ ನದಿಗೆ ಉಪನದಿಯಾಗಿ ಬಂದರು. ಎರಡನೇ ಸಾಲಿಗೆ ಮೇಷ್ಟ್ರ ಬೆರಳುಗಳು ತೊಡೆಯ ಮೇಲೆ ಓಡತೊಡಗಿದವು. ಹಾಡು ಮುಗಿಯುವ ಮೊದಲೇ ಅವರ ಕಣ್ಣು ಒದ್ದೆಯಾಯಿತು.

“ತಾಯೀ, ಇದಕ್ಕೆ ಹಾರ್ಮೋನಿಯಂ ನುಡಿಸಿದೋನು ನಾನೇ. ಆವತ್ತು ನನಗೆ ನೂರಾ ಎರಡು ಜ್ವರ. ಆರು ಟೇಕ್ ಆಯ್ತು.”

ಟೀಚರ್ ನನ್ನ ಕಡೆ ನೋಡಿದರು. ನಾನು ಪಂಚಾಕ್ಷರಿ ಕಡೆ ನೋಡಿದೆ. ಅವನು ಸೂರು ನೋಡುತ್ತಿದ್ದ. ಐದನೇ ಕ್ಲಾಸಿನ ಭೂಗೋಳಕ್ಕೆ ಮದ್ರಾಸಿನಲ್ಲಿ ಆರು ಟೇಕ್ ಆಗಿತ್ತು! ಆಘಾತದ ಜೊತೆಗೇ ಒಳಗೆಲ್ಲೋ ಒಂದು ನೆಮ್ಮದಿಯೂ ಹುಟ್ಟಿತು. ಪರವಾಗಿಲ್ಲ, ಪುಸ್ತಕ ಉಳಿಯಿತು. ಒಬ್ಬ ಸರ್ವಜ್ಞರನ್ನು ಪರೀಕ್ಷಿಸಲು ಇನ್ನೊಬ್ಬ ಸರ್ವಜ್ಞರು ಬಂದಿದ್ದಾರೆ, ಇಬ್ಬರೂ ಪಾಸು.

ಕೊನೆಗೆ ಶಂಭುಲಿಂಗಪ್ಪನವರು ಸರಿಯಾಗಿ ಕುಳಿತು, ಕೊರಳು ಸರಿಪಡಿಸಿಕೊಂಡರು. ಆರಿಸಿಕೊಂಡದ್ದು ಅವರ ಏಳರಲ್ಲಿ ಅವರಿಗೆ ಅತ್ಯಂತ ಪ್ರಿಯವಾದದ್ದು:

ಬಾರೊ ದಣಿದ ಅಣ್ಣಯ್ಯ, ಕೂರೊ ಮಣ್ಣ ಮ್ಯಾಲೆ,
ನಾಳಿನ ಭಾರ ಇಳಿಸಿಟ್ಟು ಬಾರೊ ಬಾಗಿಲಲ್ಲೆ.

ಈ ಹಾಡಿನ ಕಥೆ ಹೇಳಲೇಬೇಕು. ಶಂಭುಲಿಂಗಪ್ಪನವರು ಹುಡುಗರಾಗಿದ್ದಾಗ ಹರಿಹರದ ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮೊದಲು ಗೇಟ್ ಕಾಯುವವನು ಮೈಕಿನಲ್ಲಿ ಈ ಹಾಡು ಹೇಳಿ ಜನರನ್ನು ಕರೆಯುತ್ತಿದ್ದನಂತೆ. ಅವರಿಗೆ ಮೊದಲ ಸಾಲು ಮಾತ್ರ ನೆನಪಿತ್ತು. ನಲವತ್ತು ವರ್ಷದ ಮೇಲೆ ಒಂದು ದಿನ ಹೆಗ್ಗನಹಳ್ಳಿಯಲ್ಲಿ ಕಿರಾಣಿ ಅಂಗಡಿಯೊಂದರ ತಕ್ಕಡಿ ಪರೀಕ್ಷಿಸುತ್ತಿದ್ದಾಗ, ಅಂಗಡಿಯಾಕೆಯ ಮುದಿ ತಂದೆ ಮೂಲೆಯಲ್ಲಿ ಕುಳಿತು ಅದನ್ನೇ ಗುನುಗುತ್ತಿದ್ದ. ಅವನೇ ಗೇಟಿನ ಕೆಂಚಪ್ಪ. ಇನ್‌ಸ್ಪೆಕ್ಟರು ತಕ್ಕಡಿ ಬಿಟ್ಟು ಅವನ ಕಾಲ ಬಳಿ ಕುಳಿತರು. ಆದರೆ ಕೆಂಚಪ್ಪನಿಗೆ ಕೇಳಿದ ಕೂಡಲೇ ಹಾಡು ಬರುತ್ತಿರಲಿಲ್ಲ. ಟಿಕೆಟ್ ಹರಿಯುತ್ತಾ ಹಾಡಿ ರೂಢಿಯಾದವನು. ಕೈ ಏನನ್ನಾದರೂ ಹರಿಯುತ್ತಿದ್ದರೆ ಮಾತ್ರ ಬಾಯಿಗೆ ಪದ ಬರುತ್ತಿತ್ತು. ಹಾಗಾಗಿ ಶಂಭುಲಿಂಗಪ್ಪನವರು ಮೂರು ಭಾನುವಾರ ಹಳೆಯ ಪೇಪರಿನ ಕಟ್ಟು ಹೊತ್ತುಕೊಂಡು ಹೆಗ್ಗನಹಳ್ಳಿಗೆ ಹೋದರು. ಕೆಂಚಪ್ಪ ಹರಿದ, ಹಾಡಿದ; ಇವರು ಬರೆದುಕೊಂಡರು. ಮೂರನೇ ಭಾನುವಾರ ನಾನೂ ಜೊತೆಗಿದ್ದೆ; ಬಳಗದ ಪರೀಕ್ಷೆಯ ದಿನ ತುಟಿ ಬಿಗಿಹಿಡಿದು ಕೂತೆ. ಆಮೇಲೆ ಎರಡು ತಿಂಗಳಿಗೆ ಕೆಂಚಪ್ಪ ತೀರಿಕೊಂಡ.

ಶಂಭುಲಿಂಗಪ್ಪನವರ ಕಂಠ ದೊಡ್ಡದೇನಲ್ಲ. ಆದರೆ ಈ ಹಾಡು ಹೇಳುವಾಗ ಅವರಿಗೆ ಯಾರ ತುಟಿಯ ಮೇಲೂ ಗಮನವಿರುತ್ತಿರಲಿಲ್ಲ. ಎರಡು ಚರಣ ಮುಗಿಸಿ, ಪರೀಕ್ಷೆ ಬರೆದ ಹುಡುಗನ ಹಾಗೆ ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ತುಟಿ ಓರೆ ಮಾಡಿದರು. ಮೂರು ಹಾಡಿಗೆ ಹೌದೆಂದವರು ಒಂದಕ್ಕಾದರೂ ಇಲ್ಲ ಎನ್ನದಿದ್ದರೆ ಪರೀಕ್ಷಕರಾಗುವುದು ಹೇಗೆ?

“ಇದನ್ನ ತೆಗೆದುಬಿಡಿ. ಇದು ಯಾರೋ ಕಟ್ಟಿದ ಹಾಡು. ಖೋಟಾ.”

“ಖೋಟಾ?” ಶಂಭುಲಿಂಗಪ್ಪನವರ ದನಿ ಕೇಳಿಸದಷ್ಟು ಸಣ್ಣದಾಯಿತು.

“ನನಗೆ ಗೊತ್ತಿಲ್ಲ ಅಂದ್ಮೇಲೆ ಖೋಟಾನೇ. ತಪ್ಪು ತಿಳ್ಕೋಬೇಡಿ, ನೀವೇ ಕಟ್ಟಿರ್ತೀರಿ. ಆಸೆ ಇರುತ್ತೆ ಮನುಷ್ಯನಿಗೆ. ಉಳಿದವರ ಹಾಡೆಲ್ಲ ಶುದ್ಧ ಚಿನ್ನ. ನಿಮ್ಮ ಹೆಸರಿನವು ಎಷ್ಟಿವೆ? ಏಳಾ? ಏಳನ್ನೂ ಹೊಡೆದುಹಾಕಿ. ಮುನ್ನುಡಿಗೆ ಈಗಲೇ ಸಹಿ ಹಾಕ್ತೀನಿ.”

ಒಳಗೆ ಬಾಣಲೆಯ ಸದ್ದು ನಿಂತಿತು. ಜಗದಾಂಬಾ ಬಜ್ಜಿ ಎತ್ತುವ ಜಾಲರಿ ಹಿಡಿದುಕೊಂಡೇ ಬಾಗಿಲಿಗೆ ಬಂದರು.

ಶಂಭುಲಿಂಗಪ್ಪನವರು ವಾದಿಸಲಿಲ್ಲ. ಅದು ನಮಗೆ ಎಲ್ಲಕ್ಕಿಂತ ದೊಡ್ಡ ಆಘಾತ. ಅವರು ಸುತ್ತ ಒಮ್ಮೆ ನೋಡಿದರು, ಸಾಕ್ಷಿ ಹುಡುಕುವವರ ಹಾಗೆ. ಮೇಷ್ಟ್ರ ಮಾತಿಗೆ ಮುದ್ರೆಯ ತೂಕವಿತ್ತು, ಆ ತೂಕ ಅವರು ಮೂವತ್ತು ವರ್ಷ ನಂಬಿದ ತೂಕ. ಕೆಂಚಪ್ಪ ಇಲ್ಲ. ಹಾಡು ಇನ್ನೊಬ್ಬರಿಗೆ ಗೊತ್ತಿರಕೂಡದೆಂದು ಅವರೇ ಮಾಡಿದ ನಿಯಮ. ಗೊತ್ತಿರುವವರು ಹೊರಗಿನಿಂದ ಯಾರು ಬರಬೇಕು? ರಿಜಿಸ್ಟರು ತೆರೆದು, ಪೆನ್ನಿನ ಕ್ಯಾಪು ಬಿಚ್ಚಿದರು.

“ಸಾರ್, ಹೊಡೀಬೇಡಿ!” ಎಂದು ಕೂಗಿದ್ದು ನಾನೇ. ಯಾವಾಗ ಎದ್ದು ನಿಂತೆನೋ ನನಗೆ ಗೊತ್ತಿಲ್ಲ. “ಆ ಹಾಡು ನಿಜ. ಕೆಂಚಪ್ಪ ಹಾಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಕಿವಿಯಾರೆ ಕೇಳಿದೀನಿ.”

ಮೇಷ್ಟ್ರು ನಕ್ಕರು. “ಸ್ನೇಹಿತರ ಪರ ಸಾಕ್ಷಿ ಹೇಳ್ತೀರಿ, ಸಂತೋಷ.”

ಆಗ ನನಗೆ ಅರ್ಥವಾಯಿತು. ನನ್ನ ಆ ಒಂದು ನಿಜವನ್ನು ನಂಬಬೇಕಾದರೆ ನನ್ನ ಉಳಿದ ಸುಳ್ಳುಗಳನ್ನೆಲ್ಲ ಮೊದಲು ಹೊರಗೆ ಹಾಕಬೇಕಿತ್ತು. ಹಾಕಿದರೆ ಶಂಭುಲಿಂಗಪ್ಪನವರ ಇಸವಿಗಳು, ಊರುಗಳು, ಕೆಂಪು ಟೇಪು ಎಲ್ಲ ಜೊತೆಗೇ ಹೋಗುತ್ತಿದ್ದವು. ಹಾಕದಿದ್ದರೆ ಅವರ ಕೈಯಿಂದಲೇ ಕೆಂಚಪ್ಪ ಅಳಿಸಿಹೋಗುತ್ತಿದ್ದ. ಯೋಚಿಸಲು ಸಮಯವಿರಲಿಲ್ಲ, ನಿಬ್ಬು ಕಾಗದಕ್ಕೆ ತಾಗುವುದರಲ್ಲಿತ್ತು.

“ಗುಬ್ಬಿ ಹಾಡು ನಾನು ಕಟ್ಟಿದ್ದು ಮೇಷ್ಟ್ರೇ. ಬಸ್ಸಿನಲ್ಲಿ. ಐವತ್ತಾರೂ ಅಲ್ಲ ಐವತ್ತೇಳೂ ಅಲ್ಲ, ಎಪ್ಪತ್ತೈದು.”

“ಬಳ್ಳಿ ನಂದು,” ಎಂದ ಪಂಚಾಕ್ಷರಿ, ಅಳುದನಿಯಲ್ಲಿ. “ಅದರಲ್ಲಿ ಕೊಳಲು ಇರ್ಲೇ ಇಲ್ಲ ಸಾರ್.”

ಸತ್ಯವತಿ ಟೀಚರ್ ಚೀಲದಿಂದ ಭೂಗೋಳ ಪುಸ್ತಕವನ್ನೇ ತೆಗೆದು ಮೇಷ್ಟ್ರ ಮುಂದಿಟ್ಟರು. “ನಲವತ್ತೆರಡನೇ ಪುಟ. ನದಿ, ಉಪನದಿ. ಓದ್ಕೊಳ್ಳಿ.”

ಮೇಷ್ಟ್ರು ಪುಟ ತೆರೆದರು. ಓದಿದರು. ಕೃಷ್ಣೆಯ ಉಪನದಿಗಳಿದ್ದವು. ಅವರ ಮುಖದ ಬಣ್ಣ ಗಂಧದ ಬೊಟ್ಟಿಗಿಂತ ಬಿಳಿಚಿತು. ಆದರೆ ಹಳೆಯ ಕಲಾವಿದರು, ಸುಲಭವಾಗಿ ಸೋಲುವವರಲ್ಲ.

“ಹಾಗಾದ್ರೆ ನಾನು ನುಡಿಸಿದ್ದು ಬೇರೆ ನದಿ ಇರ್ಬೇಕು,” ಎಂದು ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು. ಜಗದಾಂಬಾ ಜಾಲರಿ ಕೈಯಲ್ಲೇ ಅಡ್ಡ ನಿಂತು, “ಬಜ್ಜಿ ತಿಂದು ಹೋಗಿ. ಬಂದೋರು ಹಾಗೇ ಹೋಗಬಾರ್ದು” ಎಂದರು. ಮೇಷ್ಟ್ರು ನಿಂತುಕೊಂಡೇ, ಯಾರ ಕಡೆಗೂ ನೋಡದೆ, ಮೂರು ಬಜ್ಜಿ ತಿಂದು ಕೆಂಗೇರಿ ಬಸ್ಸಿಗೆ ಹೋದರು. ಮುನ್ನುಡಿ ಅವರ ಜೊತೆಯಲ್ಲೇ ಹೋಯಿತು.

ಈಗ ಹಾಲಿನಲ್ಲಿ ನಾವು ಮೂವರು ತಲೆ ತಗ್ಗಿಸಿ ನಿಂತಿದ್ದೆವು. ಬೈಯಲಿ, ಹೊರಗೆ ಹಾಕಲಿ ಎಂದು ಕಾದೆವು. ಶಂಭುಲಿಂಗಪ್ಪನವರು ರಿಜಿಸ್ಟರಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು.

“ಇದೂ?” ಎನ್ನುತ್ತಿದ್ದರು.

“ಹೌದು ಸಾರ್.”

“ಇದು?”

“ಅದೂ.”

ಹೀಗೆ ಬಹಳ ಹೊತ್ತು. ಕೊನೆಗೆ ಪುಸ್ತಕ ಮುಚ್ಚಿ ನಮ್ಮನ್ನು ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ; ಸೊಂಟದ ಕೀಲಿಗೊಂಚಲು ಎಲ್ಲೋ ಬಿದ್ದುಹೋದುದು ಮನೆ ಬಾಗಿಲಿಗೆ ಬಂದಮೇಲೆ ಗೊತ್ತಾದವರ ದಿಗಿಲಿತ್ತು.

“ನೀವು ಸುಳ್ಳು ಹೇಳಿದ್ರಿ, ಸರಿ. ಆದ್ರೆ ನನಗೆ ನೆನಪಿತ್ತಲ್ಲ ಸಾರ್? ಆ ಟೆಂಟು, ಆ ಮಳೆ, ಪೆಟ್ಟಿಗೆ ಎತ್ಕೊಂಡು ಹೋಗಿದ್ದು... ನಾನು ಬೇಕು ಅಂತ ಹೇಳಿದ್ದಲ್ಲ. ಕಣ್ಣು ಮುಚ್ಚಿದ್ರೆ ಕಾಣ್ತಿತ್ತು. ನಿಜವಾಗಿ ಕಾಣ್ತಿತ್ತು.”

ಸತ್ಯವತಿ ಟೀಚರ್ ಮುಖ ಆ ಕಡೆ ತಿರುಗಿಸಿದರು. ಶಂಭುಲಿಂಗಪ್ಪನವರು ಮತ್ತೆ ಪೆನ್ನು ಎತ್ತಿಕೊಂಡು, ನಮ್ಮ ಹಾಡುಗಳ ಮುಂದೆ ತಾವು ಬರೆದ ಇಸವಿಗಳನ್ನೂ ಊರುಗಳನ್ನೂ ಒಂದೊಂದಾಗಿ ಹೊಡೆದರು. ಹಾಡುಗಳನ್ನು ಹೊಡೆಯಲಿಲ್ಲ. ಕತ್ತಲಾಗುವವರೆಗೂ ಹೊಡೆದರು. ಎಲ್ಲ ಮುಗಿಸಿ ಕೆಂಚಪ್ಪನ ಪುಟಕ್ಕೆ ಬಂದು ನಿಂತರು.

“ಇವು ಏಳೇ ಇರ್ಲಿ. ಹದಿನಾರು ಪುಟದ ಪುಸ್ತಕ ಆದ್ರೂ ಆಗ್ಲಿ. ಯಾರಿಂದ ಕೇಳಿದ್ದು, ಎಲ್ಲಿ ಕೇಳಿದ್ದು, ಅಷ್ಟೇ ಬರೀತೀನಿ. ಮುನ್ನುಡಿ ಇಲ್ಲದಿದ್ರೆ ಬೇಡ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಒಂದು ಕೇಳ್ತೀನಿ. ಆ ಮೂರನೇ ಭಾನುವಾರ ಪೇಪರ್ ಮುಗಿದುಹೋಗಿ ನಾನು ತರೋಕೆ ಹೋದೆ. ವಾಪಸು ಬರುವಾಗ ದೂರದಿಂದ ಕೇಳಿಸ್ತಿತ್ತು, ಮುದುಕ ಇನ್ನೂ ಹಾಡ್ತಾ ಇದ್ದ. ನಾನು ಬಂದ್ಮೇಲೆ ಎಷ್ಟು ಪೇಪರ್ ಹರಿಸಿದ್ರೂ ಅದು ಬರ್ಲಿಲ್ಲ. ಮೂರನೇ ಚರಣ ಇತ್ತಾ? ನೀವಿದ್ರಲ್ಲ ಅಲ್ಲಿ.”

ಇತ್ತು. ನನ್ನ ಕೈಯಲ್ಲಿದ್ದ ಬಸ್ ಟಿಕೆಟನ್ನು ಕೆಂಚಪ್ಪ ಕಿತ್ತುಕೊಂಡು, ಸಣ್ಣಗೆ ಹರಿಯುತ್ತಾ, ನಾಲ್ಕು ಸಾಲು ಹಾಡಿದ್ದ. ನಾನು ಎದುರಿಗೇ ಕುಳಿತಿದ್ದೆ. ಆದರೆ ಆ ಹೊತ್ತಿನಲ್ಲಿ ನಾನು ಮುಂದಿನ ತಿಂಗಳಿಗೆ ಬೇಕಾದ ನನ್ನ ಹಾಡಿಗೆ ಪ್ರಾಸ ಹುಡುಕುತ್ತಿದ್ದೆ. ಒಂದು ಪದವೂ ಕಿವಿಯೊಳಗೆ ಹೋಗಲಿಲ್ಲ.

ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ನಾಲ್ಕು ಸಾಲು ಕಟ್ಟುವುದು ನನಗೆ ಎಷ್ಟರ ಕೆಲಸ? ಅಣ್ಣಯ್ಯನನ್ನು ಕೂರಿಸಿ, ಪರದೆ ಏಳಿಸಿ, ದೀಪ ಆರಿಸಿದರೆ ಮುಗಿಯಿತು. ಎರಡು ಸಾಲು ಆಗಲೇ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವರು ಖಂಡಿತ ನಂಬುತ್ತಿದ್ದರು. ಕಣ್ಣು ಮುಚ್ಚಿ, ‘ಹೌದು, ಇದೇ’ ಎನ್ನುತ್ತಿದ್ದರು.

“ಇತ್ತು ಸಾರ್,” ಎಂದೆ. “ನಾನು ಕೇಳಿಸ್ಕೊಳ್ಳಲಿಲ್ಲ. ನನ್ನ ಸುಳ್ಳು ಹಾಡು ಕಟ್ತಾ ಕೂತಿದ್ದೆ.”

ಪಂಚಾಕ್ಷರಿ “ಅಯ್ಯೋ” ಎಂದ. ಶಂಭುಲಿಂಗಪ್ಪನವರು ನನ್ನನ್ನು ಬಹಳ ಹೊತ್ತು ನೋಡಿದರು. ಅಂಗೈಯನ್ನು ಸ್ವಲ್ಪ ಎತ್ತಿದ ಹಾಗಿತ್ತು, ಏನೋ ತೂಗುವವರಂತೆ. ಆಮೇಲೆ ತಲೆ ತಗ್ಗಿಸಿ ಎರಡನೇ ಚರಣದ ಕೆಳಗೆ ನಿಧಾನವಾಗಿ ಏನೋ ಬರೆದರು.

ಜಗದಾಂಬಾ ಹಿಂದಿನಿಂದ ಬಗ್ಗಿ ಓದಿದರು. ಓದಿ, ಕೈಯಲ್ಲಿದ್ದ ಜಾಲರಿಯನ್ನು ರಿಜಿಸ್ಟರಿನ ಪಕ್ಕಕ್ಕೇ ಬೀಳಿಸಿದರು.

“ಅಯ್ಯೋ ಶಿವನೇ, ಇಲ್ನೋಡಿ ಟೀಚರ್! ‘ಮೂರನೆಯ ಚರಣ ಇದೆ, ಗೊತ್ತಿಲ್ಲ’ ಅಂತ ಬರೆದಿದಾರೆ! ಮದುವೆ ಆಗಿ ಮೂವತ್ತೆರಡು ವರ್ಷ ಆಯ್ತು. ಧರ್ಮಸ್ಥಳದ ಬಸ್ಸು ಅಂತ ಹತ್ತಿಸಿ ತುಮಕೂರಲ್ಲಿ ಇಳಿಸಿದಾಗಲೂ ಈ ಮನುಷ್ಯನ ಬಾಯಲ್ಲಿ ಆ ಮಾತು ಬಂದಿರ್ಲಿಲ್ಲ!”

“ಸುಮ್ನಿರೇ,” ಎಂದರು ಶಂಭುಲಿಂಗಪ್ಪನವರು, ತಲೆ ಎತ್ತದೆ. “ಎಣ್ಣೆ ತೊಟ್ಟಿಕ್ಕುತ್ತೆ ಪುಟದ ಮೇಲೆ.”